ಕೊರಿಯಾದ ತಂತಿವಾದ್ಯ ಗಯಾಗುಮ್ ಜೊತೆ ಜಾಝ್ ಮನೋಧರ್ಮ ಹೊಂದಿಸುವುದು ಹೇಗೆ?

ತಾಳದಿಂದ ಶುರುಮಾಡಿ, ಕಾರ್ಡ್‌ಗಳಿಂದ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಂದ) ಬೇಡ. ಸಂಜೊ (ಕೊರಿಯಾದ ಸಾಂಪ್ರದಾಯಿಕ ಸೋಲೊ ವಾದನ) ಶೈಲಿಯ ಜುಂಗ್‌ಜುಂಗ್‌ಮೊರಿ ತಾಳ 12/8: ನಾಲ್ಕು ಎಣಿಕೆ, ಒಂದೊಂದರಲ್ಲೂ ಮೂರು ಅಕ್ಷರಗಳ ತಿಶ್ರ ನಡೆ. ಜಾಝ್ ಡ್ರಮ್ಮರ್ ಇದನ್ನು ಕೇಳಿದ ಕೂಡಲೇ ಜಾಝ್‌ನ ತೂಗುವ ಲಯವಾದ ಸ್ವಿಂಗ್‌ಗೆ ಜಾರಿ 2 ಮತ್ತು 4ನೇ ಎಣಿಕೆಗೆ ಹೈಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಾಳ) ಒತ್ತುತ್ತಾರೆ. ಕೆಡುವುದು ಅಲ್ಲೇ. ಮೂಲ ತಾಳದಲ್ಲಿ ಮೊದಲ ಪೆಟ್ಟಿನ ನಂತರ ದೊಡ್ಡ ಒತ್ತು ಬೀಳುವುದು 9ನೇ ಅಕ್ಷರಕ್ಕೆ, ಅಂದರೆ ಮೂರನೇ ಎಣಿಕೆಯ ಕೊನೆಗೆ. ಹೈಹ್ಯಾಟ್ ಬಿಟ್ಟು ಆ ಒತ್ತನ್ನು ಸ್ನೇರ್ ಡ್ರಮ್‌ನ ಅಂಚಿನ ಮೇಲೆ ನುಡಿಸಿದರೆ ಆವರ್ತ ಉಳಿಯುತ್ತದೆ.

ಇನ್ನು ಸ್ವರ. ಕೊರಿಯಾದ ದಕ್ಷಿಣದ ಜೊಲ್ಲಾ ಸೀಮೆಯ ಗ್ಯೆಮ್ಯನ್‌ಜೊದಲ್ಲಿ (ರಾಗದಂಥ ಸ್ವರವ್ಯವಸ್ಥೆ) ಪ್ರತಿ ಸ್ವರಕ್ಕೂ ಒಂದು ಕೆಲಸವಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮಂದ್ರ ಪಂಚಮ ಅಗಲವಾಗಿ ಕಂಪಿಸುತ್ತದೆ, ಷಡ್ಜ ನೇರ ನಿಲ್ಲುತ್ತದೆ, ಸಾಧಾರಣ ಗಾಂಧಾರ ರಿಷಭಕ್ಕೆ ಮುರಿದು ಬೀಳುತ್ತದೆ. ಆ ಮುರಿತವೇ ಶೈಲಿಯ ಪ್ರಾಣ. ಪಿಯಾನೊದವರು ಅದೇ ಗಾಂಧಾರವನ್ನು ಮೈನರ್ ಕಾರ್ಡ್‌ನಲ್ಲಿ ಹಿಡಿದಿಟ್ಟರೆ ಎರಡರ ಶ್ರುತಿ ಕೂಡದೆ ಅಪಸ್ವರ ಕೇಳುತ್ತದೆ. ಗಾಂಧಾರ, ರಿಷಭ ಎರಡನ್ನೂ ಬಿಡಿ. ಷಡ್ಜ-ಪಂಚಮ, ಬೇಕಾದರೆ ಮಧ್ಯಮ ಸಾಕು.

12 ತಂತಿಯ ಗಯಾಗುಮ್‌ಗೆ ಐದು ಸ್ವರಗಳ ಶ್ರುತಿ. ತಂತಿ ಹೊರುವ ಕುದುರೆ ಸರಿಸದೆ ಕೀ (ಆಧಾರ ಶ್ರುತಿ) ಬದಲಾಗದು. ಹಾಗಾಗಿ ಸೋಲೊ ಒಂದೇ ಕೀನಲ್ಲಿರಲಿ. ಕಾರ್ಡ್ ಬದಲಾವಣೆ ಬೇಕೇ ಬೇಕಾದರೆ ಏಳು ಸ್ವರಗಳ 25 ತಂತಿಯದ್ದು ಅನುಕೂಲ, ಆದರೆ ಎಡಗೈ ಒತ್ತಿ ತರುವ ಆಳವಾದ ಕಂಪನ ಅದರಲ್ಲಿ ಅಷ್ಟು ದಕ್ಕುವುದಿಲ್ಲ.

ಕೇಳಲು ಬ್ಲ್ಯಾಕ್ ಸ್ಟ್ರಿಂಗ್ ತಂಡ ಒಳ್ಳೆಯದು: ಗೊಮುಂಗೊ (ಕೊರಿಯಾದ ಇನ್ನೊಂದು ತಂತಿವಾದ್ಯ) ಜೊತೆ ಎಲೆಕ್ಟ್ರಿಕ್ ಗಿಟಾರ್.