ಆಸ್ಟ್ರೇಲಿಯಾದಲ್ಲಿ ಮನೆಗೆ ಕರೆದವರು ‘ಬ್ರಿಂಗ್ ಎ ಪ್ಲೇಟ್’ ಅಂದರೆ ಏನು ಒಯ್ಯಬೇಕು?

ಖಾಲಿ ತಟ್ಟೆಯಲ್ಲ, ಎಲ್ಲರೂ ಹಂಚಿಕೊಂಡು ತಿನ್ನುವಂಥ ಒಂದು ತಿಂಡಿ. ಹೊಸಬರು ಬರಿ ತಟ್ಟೆ ಹಿಡಿದು ಹೋಗಿ ಮುಜುಗರಪಡುವುದು ಅಲ್ಲಿ ಹಳೆಯ ಕತೆ. ನಮ್ಮಲ್ಲಿ ಕರೆದವರೇ ಎಲ್ಲ ಮಾಡಿ ಬಡಿಸಬೇಕು. ಅಲ್ಲಿ ಅಡುಗೆಯ ಕೆಲಸವಾಗಲಿ ಖರ್ಚಾಗಲಿ ಒಬ್ಬರ ಮೇಲೇ ಬೀಳಬಾರದು ಅನ್ನುವುದು ರೂಢಿ. ಹಾಗಾಗಿ ನೀವು ತಂದದ್ದು ನೇರವಾಗಿ ಊಟದ ಮೇಜಿಗೇ ಹೋಗುತ್ತದೆ.

ಆರೆಂಟು ಜನ ರುಚಿ ನೋಡುವಷ್ಟಿದ್ದರೆ ಸಾಕು. ಕೈಯಲ್ಲೇ ಎತ್ತಿ ತಿನ್ನುವ ಮದ್ದೂರು ವಡೆ, ಸಮೋಸ ಚೆನ್ನಾಗಿ ಹೊಂದುತ್ತವೆ. ಚಿತ್ರಾನ್ನವಾದರೆ ಕಡಲೆಕಾಯಿ ಬೀಜ ಬಿಟ್ಟುಬಿಡಿ. ಹಾಕಿದ್ದರೆ ಪಾತ್ರೆಯ ಮುಂದೆ ಚೀಟಿ ಬರೆದಿಡಲೇಬೇಕು, ಅಲರ್ಜಿ ಇರುವ ಮಗುವಿಗೆ ಒಂದು ಬೀಜವೂ ಜೀವಕ್ಕೆ ಕುತ್ತು ತರಬಹುದು. ಬಡಿಸುವ ಚಮಚವೂ ಜೊತೆಗಿರಲಿ. ಪಾತ್ರೆಯ ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆದರೆ ಅದಲುಬದಲಾಗುವುದಿಲ್ಲ.

‘ಬಿವೈಓ’ ಎಂದಿದ್ದರೆ ಸಾಮಾನ್ಯವಾಗಿ ನಿಮ್ಮ ಪಾನೀಯ ನೀವೇ ತರಬೇಕು ಎಂದರ್ಥ. ಹಣ್ಣಿನ ರಸವಾದರೂ ಸರಿ. ಬಾರ್ಬೆಕ್ಯೂ ಇದ್ದರೆ ಸಸ್ಯಾಹಾರಿಗಳು ಮೊದಲೇ ತಿಳಿಸಿ, ಪನೀರು, ಜೋಳವನ್ನು ಫಾಯಿಲ್‌ನಲ್ಲಿ ಸುತ್ತಿ ಒಯ್ಯುವುದು ಒಳ್ಳೆಯದು. ಅದೇ ಕಾವಲಿಯ ಮೇಲೆ ಗೋಮಾಂಸದ ಸಾಸೇಜೂ ಬೇಯುತ್ತಿರುತ್ತದೆ.