ಮೀಟರ್ ಹಿಡಿಯದೆ ಅಂಕಿ ಬರೆಯಬಹುದೇ?

ನೀರಿನ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

(ಉತ್ತರಿಸುತ್ತಿರುವವರು ಮೊದಲು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ ಆರು ವರ್ಷ ದುಡಿದವರು. ಹತ್ತು ವರ್ಷಗಳಿಂದ ಮಧುಗಿರಿಯಲ್ಲಿ ನೆಲೆಸಿ, ಸುತ್ತಲಿನ ತಾಲ್ಲೂಕುಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಸರ್ವಿಸ್ ಟೆಕ್ನಿಷಿಯನ್ ಆಗಿದ್ದಾರೆ.)

ಪ್ರಶ್ನೆ: ಅಣ್ಣ, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಮೂರು ತಿಂಗಳಿಂದ ಹಳ್ಳಿಗಳ ನೀರಿನ ಘಟಕಗಳ ಸರ್ವಿಸ್ ಕೆಲಸದಲ್ಲಿದ್ದೇನೆ. ದಿನಕ್ಕೆ ಎಂಟು ಘಟಕ ನೋಡಬೇಕು. ಆಗದ ದಿನ ಹಿಂದಿನ ಅಂಕಿಗಳನ್ನೇ ತುಸು ಹೆಚ್ಚು ಕಡಿಮೆ ಮಾಡಿ ಪುಸ್ತಕ ತುಂಬಿಸು, ಎಲ್ಲರೂ ಮಾಡುವುದು ಹಾಗೆಯೇ ಎನ್ನುತ್ತಾರೆ ಹಿರಿಯರು. ಏನು ಮಾಡಲಿ?
ಹೆಸರು ಬೇಡ, ಗೌರಿಬಿದನೂರು

ಉತ್ತರ: ತಮ್ಮಾ, ಅಣ್ಣ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನೋಡದ ಅಂಕಿಯನ್ನು ಬರೆಯಬೇಡ. ಆ ಸಾಲಿನಲ್ಲಿ ‘ಭೇಟಿ ಆಗಿಲ್ಲ’ ಎಂದು ಬರೆದು ಸಹಿ ಹಾಕು. ಹಾಗೆ ಬರೆದಿದ್ದರೆ ಮರುದಿನ ಹೋದವನು ಮೊದಲು ಅದನ್ನೇ ಅಳೆಯುತ್ತಾನೆ. ಅಂಕಿ ತುಂಬಿದ್ದರೆ ಪುಟ ತಿರುಗಿಸುತ್ತಾನೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಲೀಟರಿಗೆ 1600 ಮಿಲಿಗ್ರಾಂ, ಫ್ಲೋರೈಡ್ 4 ಮಿಲಿಗ್ರಾಂ. ಕುಡಿಯುವ ನೀರಿನ ಮಾನಕವಾದ ಐಎಸ್ 10500ರ ಪ್ರಕಾರ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರ ತನಕ ಒಪ್ಪಬಹುದು, ಅದರಾಚೆಗೆ ಇಲ್ಲ. ಆ ಊರಿನ ನಡುವಯಸ್ಸಿನವರು ನಕ್ಕರೆ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು ಕಾಣುತ್ತವೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಆ ಘಟಕಕ್ಕೆ ಹೋದಾಗ ಕ್ಯಾನ್ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು, “ಏನಪ್ಪಾ, ಹದಿನೈದು ದಿನದಿಂದ ಬೇಳೆ ಬೇಯುತ್ತಿಲ್ಲ. ಬೋರಿನ ನೀರನ್ನೇ ಬಿಡುತ್ತಿದ್ದೀರಾ?” ಎಂದು ಕೇಳಿದರು. ಪುಸ್ತಕ ತೆಗೆದೆ. ಶುದ್ಧ ನೀರಿನ ಟಿಡಿಎಸ್ 74. ಹಿಂದಿನ ದಿನ 74, ಅದರ ಹಿಂದಿನ ದಿನವೂ 74. ನಲವತ್ತು ದಿನ ಒಂದೇ ಅಂಕಿ, ಒಂದೇ ಪೆನ್ನು. ಮೀಟರನ್ನು ನಲ್ಲಿಯ ಕೆಳಗೆ ಹಿಡಿದರೆ 620. ಫ್ಲೋರೈಡ್ ಕಿಟ್ಟಿನಲ್ಲಿ ಗುಲಾಬಿಯಾಗಿ ಉಳಿಯಬೇಕಿದ್ದ ಬಣ್ಣ ಹಳದಿಗೆ ತಿರುಗಿತು. ಪ್ರಯೋಗಾಲಯದಿಂದ ಬಂದ ಅಂಕಿ 1.6.

ದೋಷ ಎಲ್ಲಿ ಎಂದು ಹುಡುಕಿದ ಬಗೆ ನಿನಗೆ ಉಪಯೋಗವಾಗುತ್ತದೆ, ಕೇಳು. ಉದ್ದನೆಯ ಒಂದು ಕೊಳವೆಯೊಳಗೆ ಮೂರು ಮೆಂಬ್ರೇನ್‌ಗಳು, ಅಂದರೆ ಲವಣ ತಡೆದು ನೀರನ್ನು ಬಿಡುವ ಪೊರೆಯ ಸುರುಳಿಗಳು, ಒಂದರ ಹಿಂದೆ ಒಂದು ಕೂತಿರುತ್ತವೆ. ಶುದ್ಧ ನೀರು ಹೊರಬರುವ ನಡುನಾಳದ ತುದಿಯಿಂದ ಸಣ್ಣ ಪ್ಲಾಸ್ಟಿಕ್ ನಳಿಕೆಯೊಂದನ್ನು ಒಳಕ್ಕೆ ತೂರಿಸಿ, ಘಟಕ ನಡೆಯುತ್ತಿರುವಾಗಲೇ ಗೇಣು ಗೇಣಿಗೆ ನಿಲ್ಲಿಸಿ ನೀರು ಹಿಡಿದು ಅಳೆಯಬೇಕು. ಆ ದಿನ ನಳಿಕೆಯನ್ನು ಆ ತುದಿಯವರೆಗೂ ನೂಕಿ, ಹಿಂದಕ್ಕೆ ಎಳೆಯುತ್ತಾ ಬಂದೆ. 55, 58, 60. ಎರಡನೆಯ ಮತ್ತು ಮೂರನೆಯ ಮೆಂಬ್ರೇನ್ ಕೂಡುವ ಜಾಗಕ್ಕೆ ಬರುತ್ತಿದ್ದಂತೆ ಒಮ್ಮೆಲೇ ನೂರಾರು. ಮೆಂಬ್ರೇನ್‌ಗಳಿಗೆ ಏನೂ ಆಗಿರಲಿಲ್ಲ. ಬಿಚ್ಚಿ ನೋಡಿದರೆ ಜೋಡಣೆಯ ಓ-ರಿಂಗ್ ಮಡಚಿಕೊಂಡು ಹರಿದಿತ್ತು. ನನ್ನ ಕಿರುಬೆರಳಿಗೆ ಸಡಿಲವಾಗಿ ಕೂರುವ ಕಪ್ಪು ರಬ್ಬರ್ ಬಳೆ ಅದು, ಬೆಲೆ ಒಂದು ಟೀಗಿಂತ ಹೆಚ್ಚಿಲ್ಲ. ಹೊಸದಕ್ಕೆ ಗ್ಲಿಸರಿನ್ ಸವರಿ ಕೂರಿಸಿದೆ. ಗ್ರೀಸನ್ನಾಗಲಿ ವ್ಯಾಸಲೀನನ್ನಾಗಲಿ ಎಂದೂ ಹಚ್ಚಬೇಡ, ರಬ್ಬರೂ ಮೆಂಬ್ರೇನೂ ಎರಡೂ ಹಾಳಾಗುತ್ತವೆ. ಒಂದು ಗಂಟೆಯ ಕೆಲಸ. ನೀರು ಮತ್ತೆ 70ಕ್ಕೆ ಇಳಿಯಿತು.

ಆದರೆ ಆ ಊರಿನ ಜನ, ಮಕ್ಕಳು, ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ನೀರು ಎಂದು ನಂಬಿ ಕುಡಿದದ್ದು ಏನನ್ನು? ಅಂಕಿ ಬರೆದ ಹುಡುಗ ನಮ್ಮ ತಂಡದವನು. ತಿಂಗಳ ಕೊನೆಯಲ್ಲಿ ಆ ಪುಟವನ್ನು ಓದದೆ ಕೆಳಗೆ ಸಹಿ ಹಾಕಿದವನು ನಾನು. ದೋಷವನ್ನು ಮೊದಲು ಕಂಡುಹಿಡಿದವರು ಆ ಅಜ್ಜಿ. ಅಂದಿನಿಂದ ಘಟಕಕ್ಕೆ ಹೋದರೆ ಉಪಕರಣದ ಚೀಲ ಬಿಚ್ಚುವ ಮುನ್ನ ಸಾಲಿನಲ್ಲಿ ನಿಂತವರನ್ನು ಮಾತನಾಡಿಸುತ್ತೇನೆ, ನೀರುಗಂಟಿಯನ್ನು ಮಾತನಾಡಿಸುತ್ತೇನೆ. ರುಚಿ ಹೇಗಿದೆ, ಬೇಳೆ ಬೇಯುತ್ತಿದೆಯೇ, ಕ್ಯಾನ್ ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆಯೇ ಎಂದು ಕೇಳುತ್ತೇನೆ.

ದಿನಕ್ಕೆ ಎಂಟು ಘಟಕ ಆಗದ ಮಾತು. ದಾರಿ ಬಿಟ್ಟು, ಒಂದು ಘಟಕಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು ಎಂದು ಮೇಲಿನವರಿಗೆ ಬರೆದೇ ತಿಳಿಸು. ಹೊತ್ತಿಲ್ಲದ ದಿನ ಧೂಳು ಒರೆಸುವುದು, ಬೋರ್ಡು ತೊಳೆಯುವುದು ಬಿಡು, ಅಳತೆ ಬಿಡಬೇಡ: ಬೋರಿನ ನೀರಿನ ಟಿಡಿಎಸ್, ಶುದ್ಧ ನೀರಿನ ಟಿಡಿಎಸ್, ಶುದ್ಧ ನೀರು ಮತ್ತು ರಿಜೆಕ್ಟ್ ನೀರು (ಲವಣ ಹೊತ್ತು ಹೊರಹೋಗುವ ನೀರು) ನಿಮಿಷಕ್ಕೆ ಎಷ್ಟೆಷ್ಟು ಲೀಟರ್, ಮೆಂಬ್ರೇನಿಗೆ ಮುಂಚೆ ಕಸ ಸೋಸುವ ಕಾರ್ಟ್ರಿಜ್ ಫಿಲ್ಟರಿನ ಮೊದಲು ಮತ್ತು ನಂತರದ ಒತ್ತಡ, ಮೆಂಬ್ರೇನಿನ ಒಳಗಣ ಮತ್ತು ಹೊರಗಣ ಒತ್ತಡ. ಕಾರ್ಟ್ರಿಜ್‌ನ ಎರಡು ಒತ್ತಡ ಮಾಪಕಗಳ ಮುಳ್ಳುಗಳ ನಡುವೆ ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಅದು ಕಟ್ಟಿಕೊಳ್ಳುತ್ತಿದೆ. ಶುದ್ಧ ನೀರಿನ ಹರಿವು ನೂರರಲ್ಲಿ ಹತ್ತು ಪಾಲು ಕುಗ್ಗಿದರೆ ಮೆಂಬ್ರೇನ್ ತೊಳೆಯುವ ಕಾಲ ಬಂದಿದೆ. ಸುಣ್ಣ ಕಟ್ಟಿದ್ದರೆ ಸಿಟ್ರಿಕ್ ಆಮ್ಲದ ದ್ರಾವಣ, ಲೋಳೆ ಕಟ್ಟಿದ್ದರೆ ಕ್ಷಾರದ ದ್ರಾವಣ. ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲೆಂಟ್ ದ್ರವದ ಕ್ಯಾನ್ ಖಾಲಿಯಿದ್ದು, ಅದನ್ನು ನೀರಿಗೆ ಬೆರೆಸುವ ಡೋಸಿಂಗ್ ಪಂಪ್ ಸುಮ್ಮನೆ ಟಕಟಕ ಎನ್ನುತ್ತಿರುವ ಘಟಕಗಳನ್ನು ನೀನೂ ನೋಡಿರುತ್ತೀಯ. ಸುಣ್ಣ ಕಟ್ಟುವುದು ಅಲ್ಲಿಂದಲೇ. ಇದೆಲ್ಲ ತಿಳಿಯುವುದು ನಿಜವಾದ ಅಂಕಿಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ಮಾತ್ರ.

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ. ನೀರು ಶುದ್ಧೀಕರಣದ ಸರ್ವಿಸ್ ಕೆಲಸ ಸಿಕ್ಕಿದೆ. ‘ಪೈಪು ಬಿಚ್ಚುವ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ’ ಎನ್ನುತ್ತಾರೆ ಮನೆಯವರು.
ಒಬ್ಬ ಓದುಗಿ, ಚಿಂತಾಮಣಿ

ಉತ್ತರ: ಸೇರಿಕೊಳ್ಳಿ ತಾಯಿ. ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂದೇ ಇದೆ. ನಾನು ಕಂಡ ಕಡೆಗಳಲ್ಲಿ ಅವರು ಬರೆದ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಬಹುದು. ಹೈ ಪ್ರೆಷರ್ ಪಂಪನ್ನು ಎತ್ತಲು ಗಂಡಸರಾದರೂ ಇಬ್ಬರು ಬೇಕು, ಹಾಗಾಗಿ ಅದನ್ನು ನೆಪ ಮಾಡುವವರ ಮಾತಿಗೆ ಬೆಲೆ ಕೊಡಬೇಡಿ. ಆಮ್ಲ, ಕ್ಷಾರ ಕೈಗೆತ್ತಿಕೊಳ್ಳುವಾಗ ಕನ್ನಡಕ, ಕೈಗವಸು ಇರಲಿ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಅಲ್ಲ ಎಂಬುದು ನಿಮಗೆ ಗೊತ್ತಿದೆ, ಜೊತೆಯವರಿಗೂ ಕಲಿಸಿ.

ಪ್ರಶ್ನೆ: ಮನೆಯ ಫಿಲ್ಟರಿನ ನೀರಿನಲ್ಲಿ ಟಿಡಿಎಸ್ 30 ತೋರಿಸುತ್ತದೆ. ಇನ್ನು ಚಿಂತೆಯಿಲ್ಲ ಅಲ್ಲವೇ?
ಒಬ್ಬ ಗೃಹಿಣಿ, ಶಿರಾ

ಉತ್ತರ: ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಅಂದಾಜು ಸಿಗುತ್ತದೆ, ಅಷ್ಟೇ. ರೋಗಾಣುಗಳನ್ನು ಅದು ಕಾಣದು. ಫ್ಲೋರೈಡ್ ಎಷ್ಟಿದೆ ಎಂದೂ ಹೇಳದು. ವರ್ಷಕ್ಕೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪ್ರಯೋಗಾಲಯಕ್ಕೆ ಕೊಡಿ. ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಿಮ್ಮ ಕಡೆ ಅನೇಕರು ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ದಯವಿಟ್ಟು ನೆರೆಯವರಿಗೂ ಹೇಳಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಘಟಕದಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ವಿದ್ಯುತ್ ಬಿಲ್ ಹೆಚ್ಚೆಂದು ರಾತ್ರಿ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದೇವೆ. ಕಳೆದ ವಾರ ಕಟ್ಟಿಕೊಂಡ ಪಂಪನ್ನು ಆಪರೇಟರ್ ತೊಟ್ಟಿಗೆ ಇಳಿದು ಬಿಡಿಸಿದ. ಪರಿಹಾರವೇನು?
ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಸ್ವಾಮಿ, ವಾಸನೆಯ ವಿಷಯ ಮೊದಲು ಮುಗಿಸುತ್ತೇನೆ. ಕೊಳಚೆಯನ್ನು ತಿಂದು ನೀರನ್ನು ತಿಳಿಯಾಗಿಸುವುದು ಕಣ್ಣಿಗೆ ಕಾಣದ ಜೀವಾಣುಗಳು. ರಾತ್ರಿಯಿಡೀ ಗಾಳಿ ನಿಂತರೆ ಅವು ಸೊರಗುತ್ತವೆ, ಗಾಳಿ ಬೇಡದ ಬೇರೆ ಜೀವಾಣುಗಳು ಮೇಲುಗೈ ಸಾಧಿಸುತ್ತವೆ, ವಾಸನೆ ಏಳುತ್ತದೆ. ಬ್ಲೋವರ್ ನಡೆಯಲಿ. ಗಾಳಿಯ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಅಳತೆಯ ಗಾಜಿನ ಜಾಡಿಯಲ್ಲಿ ಮೂವತ್ತು ನಿಮಿಷ ಅಲುಗಾಡದಂತೆ ಇಡಿ. ತೆಳು ರಾಗಿ ಗಂಜಿಯ ಬಣ್ಣದ ಕೆಸರು 250ರಿಂದ 400 ಮಿಲಿ ತನಕ ಕೂತು, ಮೇಲಿನ ನೀರು ತಿಳಿಯಾಗಿ, ಹಸಿ ಮಣ್ಣಿನ ವಾಸನೆ ಬಂದರೆ ಘಟಕ ಆರೋಗ್ಯವಾಗಿದೆ. ಕಪ್ಪಗಿದ್ದರೆ ಗಾಳಿ ಸಾಲದು.

ನನಗೆ ನಿದ್ದೆ ಕೆಡಿಸಿದ್ದು ನಿಮ್ಮ ಕೊನೆಯ ಸಾಲು. ಆ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಅದು ಗಾಳಿಗಿಂತ ಭಾರ, ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಪ್ರಮಾಣ ಏರಿದಾಗ ಮೂಗು ಆ ವಾಸನೆಯನ್ನು ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದು ಇಳಿದವನು ಉಸಿರು ಕಟ್ಟಿ ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಎಷ್ಟೋ ಕಡೆ ಇಬ್ಬರು, ಮೂವರು ಒಟ್ಟಿಗೆ ಸತ್ತಿರುವುದು ಹೀಗೆಯೇ. ಒಳಚರಂಡಿಗೆ, ಸೆಪ್ಟಿಕ್ ತೊಟ್ಟಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ತೊಟ್ಟಿಯ ವಿಷವೂ ಅದೇ. ಆ ಹುಡುಗ ಮೇಲೆ ಬಂದದ್ದು ಅವನ ಅಮ್ಮನ ಪುಣ್ಯ.

ಇಂದೇ ತೊಟ್ಟಿಯ ಮುಚ್ಚಳಗಳಿಗೆ ಬೀಗ ಹಾಕಿಸಿ, ಕೀಲಿ ನಿಮ್ಮ ಬಳಿಯೇ ಇರಲಿ. ಪಂಪಿಗೆ ಸರಪಳಿ ಕಟ್ಟಿಸಿ, ಪಂಪು ಜಾರಿ ಮೇಲೇರುವ ಗೈಡ್ ರೈಲ್ ಕಂಬಿ ಹಾಕಿಸಿ, ಮೇಲೆ ನಿಂತೇ ಎತ್ತುವಂತೆ ಮಾಡಿಸಿ. ಅದು ಮುಗಿಯುವ ತನಕ ಪಂಪು ಕಟ್ಟಿಕೊಂಡರೆ ಸಕ್ಕಿಂಗ್ ಯಂತ್ರದ ವಾಹನ ಕರೆಸಿ. ಆಪರೇಟರ್‌ನನ್ನು ಕರೆದು ಕೂರಿಸಿ, ಯಾರೇ ಹೇಳಿದರೂ ಇಳಿಯಬೇಡ ಎಂದು ಕನ್ನಡದಲ್ಲೋ, ಹಿಂದಿಯಲ್ಲೋ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಮುಂದಿನ ವಾರ ನಾನು ಬೆಂಗಳೂರಿಗೆ ಬರುವವನಿದ್ದೇನೆ. ಪತ್ರಿಕೆಯ ಕಚೇರಿಗೆ ನಿಮ್ಮ ವಿಳಾಸ ತಿಳಿಸಿದರೆ ಬಂದು ಘಟಕ ನೋಡುತ್ತೇನೆ.