ಲಸಿಕೆ ಕುಡಿಸಿದ್ದರೂ ಕೊಕ್ಕರೆ ರೋಗ ಬಂದದ್ದೇಕೆ?

ಕುಣಿಗಲ್ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಸಾರಾಂಶ ಹೀಗಿದೆ: ಮನೆಯಲ್ಲಿ 26 ನಾಟಿ ಕೋಳಿಗಳಿದ್ದವು, ಅವುಗಳಲ್ಲಿ 15 ಈ ವರ್ಷದ ಪಡ್ಡೆಗಳು. ಸಂತೆಯಿಂದ ಎರಡು ಹೇಂಟೆ ತಂದು ಅದೇ ಗೂಡಿಗೆ ಬಿಟ್ಟರು. ಐದಾರು ದಿನಕ್ಕೆ ತಂದ ಹೇಂಟೆಗಳಲ್ಲಿ ಒಂದು ರೆಕ್ಕೆ ಇಳಿಬಿಟ್ಟು ತೂಕಡಿಸಿತು, ಹಸಿರು ಬಿಳುಪಾಗಿ ಹಿಕ್ಕೆ ಹಾಕಿತು. ಅಲ್ಲಿಂದ ಎರಡು ವಾರದಲ್ಲಿ 17 ಸತ್ತವು. ಅಂಗಡಿಯಿಂದ ಟೆಟ್ರಾಸೈಕ್ಲಿನ್ ಪುಡಿ ತಂದು ಹಾಕಿದರು, ಅರಿಸಿನ ಬೆಳ್ಳುಳ್ಳಿ ಅರೆದು ನುಂಗಿಸಿದರು, ನಿಲ್ಲಲಿಲ್ಲ. ಉಳಿದ 11ರಲ್ಲಿ ಎರಡರ ಕತ್ತು ತಿರುಚಿಕೊಂಡಿದೆ. "ಹತ್ತು ತಿಂಗಳ ಹಿಂದೆ ಪೇಟೆಯಿಂದ ಲಸಿಕೆ ತಂದು ನಲ್ಲಿ ನೀರಿಗೆ ಬೆರೆಸಿ ಕುಡಿಸಿದ್ದೆ. ಆದರೂ ಏಕೆ ಬಂತು? ಉಳಿದದ್ದನ್ನು ಹೇಗೆ ಕಾಪಾಡಲಿ? ಹೊಸ ಕೋಳಿ ಯಾವಾಗ ತರಲಿ?" ಎಂದು ಕೇಳಿದ್ದಾರೆ.

ನೀವು ಬರೆದ ಲಕ್ಷಣಗಳು ಕೊಕ್ಕರೆ ರೋಗದ ಕಡೆಗೇ ಬೆರಳು ತೋರಿಸುತ್ತವೆ. ಪಶು ಆಸ್ಪತ್ರೆಯವರು ಇದನ್ನೇ ರಾಣಿಖೇತ್ ರೋಗ ಎನ್ನುತ್ತಾರೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಬಳಿ ಕಂಡದ್ದರಿಂದ ಹೊರಗಿನವರಿಗೆ ಅದು ನ್ಯೂಕ್ಯಾಸಲ್ ರೋಗ. ಸ್ವಲ್ಪದರಲ್ಲೇ ನಮ್ಮ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ನಮಗೆ ಆ ಹೆಸರು ಉಳಿಯಿತು. ಇದು ವೈರಸ್ಸಿನ ರೋಗ. ಟೆಟ್ರಾಸೈಕ್ಲಿನ್ ಆಗಲಿ ಬೇರಾವ ಆ್ಯಂಟಿಬಯಾಟಿಕ್ ಆಗಲಿ ವೈರಸ್ಸಿಗೆ ತಾಗುವುದಿಲ್ಲ. ರೋಗದಿಂದ ಬಳಲಿದ ಕೋಳಿಗೆ ಮೇಲಿಂದ ಹತ್ತುವ ಬ್ಯಾಕ್ಟೀರಿಯಾ ತಡೆಯಲು ವೈದ್ಯರು ಕೆಲವೊಮ್ಮೆ ಬರೆದುಕೊಡುತ್ತಾರೆ, ಅಷ್ಟೇ.

ಆದರೆ ಪತ್ರದಲ್ಲಿ ಒಂದು ಮಾತು ಕಾಣಲಿಲ್ಲ: ಸತ್ತ ಕೋಳಿಯನ್ನು ವೈದ್ಯರಿಗೆ ತೋರಿಸಿದಿರಾ? ಕೋಳಿ ಕಾಲರಾದಲ್ಲೂ ದೊಡ್ಡ ಕೋಳಿಗಳು ಪಟಪಟನೆ ಬೀಳುತ್ತವೆ, ಹಸಿರು ಭೇದಿಯಾಗುತ್ತದೆ. ಅದು ಬ್ಯಾಕ್ಟೀರಿಯಾ ರೋಗವಾದ್ದರಿಂದ ಅಲ್ಲಿ ಔಷಧ ಕೆಲಸ ಮಾಡುತ್ತದೆ. ಹಕ್ಕಿಜ್ವರವಂತೂ ಹೊರನೋಟಕ್ಕೆ ಕೊಕ್ಕರೆ ರೋಗದಂತೆಯೇ ಇರಬಹುದು. ಜುಟ್ಟು ನೀಲಿಗಟ್ಟುವುದು, ಮುಖ ಊದುವುದು, ಕಾಲಿನ ಚರ್ಮದಡಿ ರಕ್ತ ಕಾಣುವುದು, ಒಂದೆರಡು ದಿನದಲ್ಲೇ ಗೂಡು ಖಾಲಿಯಾಗುವುದು ಅದರ ಗುರುತುಗಳಾದರೂ, ಪ್ರಯೋಗಾಲಯದಲ್ಲಿ ನೋಡದೆ ಖಚಿತವಾಗಿ ಹೇಳಲಾಗದು. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರಕ್ಕೇ ಹಕ್ಕಿಜ್ವರ ಬಂದಿತ್ತು, ನಮ್ಮ ರಾಜ್ಯಕ್ಕೆ ಅದು ಹೊಸದಲ್ಲ. ಹಾಗಾಗಿ ಇನ್ನು ಮುಂದೆ ಒಂದು ಸತ್ತರೂ ನೀವೇ ಕೊಯ್ದು ನೋಡಬೇಡಿ. ಬರಿಗೈಯಲ್ಲಿ ಮುಟ್ಟದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪಶು ಆಸ್ಪತ್ರೆಗೆ ತಿಳಿಸಿ. ನಂಬರ್ ಗೊತ್ತಿಲ್ಲದಿದ್ದರೆ 1962ಕ್ಕೆ ಕರೆ ಮಾಡಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಕೊಕ್ಕರೆ ರೋಗವೂ ಇದೆ. ತಿಳಿಸುವುದು ಸಾಕಿದವರ ಹೊಣೆ. ವೈದ್ಯರು ಕೊಯ್ದಾಗ ಮೊದಲು ನೋಡುವುದು ಗಂಟಲ ಕೆಳಗಿನ ಗ್ರಂಥಿ ಜಠರವನ್ನು, ಅಂದರೆ ಕಲ್ಲುಗುಂಡಿಗೆಯ ಮೇಲಿರುವ ಮೆತ್ತನೆಯ ಚೀಲವನ್ನು. ಅದನ್ನು ಸೀಳಿ ತೊಳೆದರೆ ಒಳಗೋಡೆಯ ಸಣ್ಣ ಬೊಕ್ಕೆಗಳ ತುದಿಯಲ್ಲಿ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕೆಗಳು ಕಾಣುತ್ತವೆ. ಕೊಕ್ಕರೆ ರೋಗದ ಹೆಸರಾಂತ ಗುರುತು ಅದು. ಆದರೂ ಎಲ್ಲ ಕೋಳಿಯಲ್ಲೂ ಕಾಣುವುದಿಲ್ಲ, ಹಕ್ಕಿಜ್ವರದಲ್ಲೂ ಇಂಥ ಚುಕ್ಕೆ ಬರುವುದುಂಟು. ಕೊನೆಯ ಮಾತು ಪ್ರಯೋಗಾಲಯದ್ದೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲಸಿಕೆ ಸುಳ್ಳಾಗಲಿಲ್ಲ, ನಿಮ್ಮ ಕೋಳಿಯೊಳಗೆ ಅದು ಜೀವಂತವಾಗಿ ಹೋಗಲೇ ಇಲ್ಲ ಎಂದು ನಮಗನ್ನಿಸುತ್ತದೆ. ಕೊಕ್ಕರೆ ರೋಗಕ್ಕೆ ಮನೆ ಕೋಳಿಗಳಿಗೆ ಹಾಕುವ ಎಫ್, ಲಸೋಟಾ, ಆರ್-2-ಬಿ ಮೂರೂ ಜೀವಂತ ಲಸಿಕೆಗಳು. ಸೀಸೆಯೊಳಗೆ ಒಣಗಿ ಬಿಲ್ಲೆಯಂತೆ ಕೂತಿರುವುದು ಸೌಮ್ಯ ವೈರಸ್ಸು. ಅದು ಬದುಕಿದ್ದರೆ ಮಾತ್ರ ಕೋಳಿಯ ಮೈ ರೋಗನಿರೋಧಕ ಶಕ್ತಿ ಕಟ್ಟಿಕೊಳ್ಳುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕಾದ ಸೀಸೆ ಬಸ್ಸಿನಲ್ಲಿ ಅಂಗಿ ಜೇಬಿನಲ್ಲಿ ಬಂದರೆ ದಾರಿಯಲ್ಲೇ ಸೊರಗುತ್ತದೆ. ಅದಾದ ಮೇಲೆ ನಲ್ಲಿ ನೀರು. ನಮ್ಮ ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ರೋಗಾಣು ಕೊಲ್ಲಲೆಂದೇ ಇರುವುದು, ಅದು ಲಸಿಕೆಯ ವೈರಸ್ಸನ್ನೂ ಬಿಡುವುದಿಲ್ಲ. ಮೂರನೆಯದು, ಅಂಗಳದಲ್ಲಿ ಮೇಯುವ ಕೋಳಿ ನೀವಿಟ್ಟ ಬಟ್ಟಲಲ್ಲೇ ಕುಡಿಯುತ್ತದೆ ಎಂಬ ಭರವಸೆಯಿಲ್ಲ. ಬಚ್ಚಲ ಮೋರಿಯಲ್ಲಿ ಬಾಯಾರಿಕೆ ತೀರಿಸಿಕೊಂಡ ಕೋಳಿಗೆ ಲಸಿಕೆ ಸಿಕ್ಕಿಲ್ಲ. ಕೊನೆಯದಾಗಿ, ನಿಮ್ಮ 15 ಪಡ್ಡೆಗಳು ಆಗ ಹುಟ್ಟೇ ಇರಲಿಲ್ಲ. ದೊಡ್ಡವುಗಳಿಗೆ ಹತ್ತಿದ್ದರೂ, ಬಾಯಿಂದ ಕೊಟ್ಟ ಸೌಮ್ಯ ಲಸಿಕೆಯ ರಕ್ಷಣೆ ಹತ್ತು ತಿಂಗಳು ನಿಲ್ಲುವುದಿಲ್ಲ.

ಇಪ್ಪತ್ತು ಮೂವತ್ತು ಕೋಳಿ ಇರುವ ಮನೆಗೆ ಸರಿಯಾದ ದಾರಿ ಕಣ್ಣಿನ ಹನಿ. ಮರಿಗೆ 5ರಿಂದ 7ನೆಯ ದಿನ ಎಫ್ ಅಥವಾ ಲಸೋಟಾ ಒಂದು ಹನಿ. 28ನೆಯ ದಿನದ ಸುಮಾರಿಗೆ ಲಸೋಟಾ ಮತ್ತೊಂದು ಹನಿ. ತಾಯಿ ಕೋಳಿಗೆ ಲಸಿಕೆಯಾಗಿದ್ದರೆ ಮೊಟ್ಟೆಯ ಮೂಲಕ ಬಂದ ರಕ್ಷಣೆ ಮೊದಲ ವಾರಗಳಲ್ಲಿ ಲಸಿಕೆಯ ವೈರಸ್ಸನ್ನೇ ತಡೆದುಬಿಡಬಹುದು, ಅದಕ್ಕೇ ಎರಡನೆಯ ಹನಿ ಬೇಕೇಬೇಕು. 8ರಿಂದ 10 ವಾರಕ್ಕೆ ಆರ್-2-ಬಿ ಚುಚ್ಚುಮದ್ದು. ಇದು 1940ರ ದಶಕದಲ್ಲಿ ಉತ್ತರಾಖಂಡದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ರೂಪುಗೊಂಡ, ಸ್ವಲ್ಪ ಖಾರವಾದ ತಳಿ. ರಕ್ಷಣೆ ಗಟ್ಟಿ, ಆದರೆ ಎಳೆ ಮರಿಗೆ ಚುಚ್ಚಿದರೆ ಅದೇ ಕೊಲ್ಲಬಹುದು. ಜಂತುಹುಳು ತುಂಬಿದ, ಎದೆಮೂಳೆ ಚೂಪಾಗಿ ಕೈಗೆ ಸಿಗುವ ಬಡಕಲು ಕೋಳಿಗೂ ತಡೆಯುವುದಿಲ್ಲ. ಆದ್ದರಿಂದ ಹತ್ತು ಹದಿನೈದು ದಿನ ಮೊದಲೇ ಜಂತಿನ ಔಷಧ ಹಾಕಿ. ಮೊಟ್ಟೆಯಿಡುವ ಹೇಂಟೆಗೆ ಚುಚ್ಚಿದರೆ ಕೆಲ ದಿನ ಮೊಟ್ಟೆ ಕಡಿಮೆಯಾಗುತ್ತದೆ, ಮೊಟ್ಟೆಗೆ ಬರುವ ಮುಂಚೆ ಮುಗಿಸುವುದು ಒಳ್ಳೆಯದು. ಒಮ್ಮೆಯೂ ಲಸಿಕೆ ಕಾಣದ ದೊಡ್ಡ ಕೋಳಿಗೆ ಮೊದಲು ಲಸೋಟಾ ಹನಿ ಹಾಕಿ, ಮೂರು ನಾಲ್ಕು ವಾರ ಬಿಟ್ಟು ಆರ್-2-ಬಿ ಹಾಕಿಸಿ. ಅಲ್ಲಿಂದ ಮುಂದೆ ಮೂರು ನಾಲ್ಕು ತಿಂಗಳಿಗೊಮ್ಮೆ ಲಸೋಟಾ ಹನಿ. ಗಿರಿರಾಜ, ಸ್ವರ್ಣಧಾರ ಸಾಕಿದವರಿಗೂ ಇದೇ ಲೆಕ್ಕ. ಸುಧಾರಿತ ತಳಿಯೆಂದು ಈ ವೈರಸ್ ರಿಯಾಯಿತಿ ಕೊಡುವುದಿಲ್ಲ.

ಸೀಸೆಯನ್ನು ತರುವಾಗ ಫ್ಲಾಸ್ಕಿನಲ್ಲಿ ಐಸ್ ತುಂಬಿಕೊಂಡು ಹೋಗಿ. ಕದಡುವ ದ್ರಾವಣವೂ ತಣ್ಣಗಿರಲಿ. ಬೆಚ್ಚಗಿನ ದ್ರಾವಣಕ್ಕೆ ತಂಪು ಲಸಿಕೆ ಬೆರೆಸಿದರೆ ಅಲ್ಲೇ ಅರ್ಧ ನಷ್ಟ. ಬಿಸಿಲೇರುವ ಮುಂಚೆ, ಕೋಳಿ ಗೂಡಿನಿಂದ ಹೊರಬೀಳುವ ಮೊದಲು ಶುರು ಮಾಡಿ. ಒಬ್ಬರು ಕೋಳಿ ಹಿಡಿದು ಕೊಡಲಿ. ರೆಕ್ಕೆ ಸೇರಿಸಿ ಮೈಯನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಯನ್ನು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಆಕಾಶ ನೋಡುವಂತೆ ಹಿಡಿಯಿರಿ. ಡ್ರಾಪರ್ ಕಣ್ಣಿಗೆ ತಾಗದೆ ಅರ್ಧ ಅಂಗುಲ ಮೇಲಿರಲಿ. ಹನಿ ಬಿದ್ದ ಮೇಲೆ ಕೋಳಿ ಒಮ್ಮೆ ರೆಪ್ಪೆ ಬಡಿದು, ಹನಿ ಗುಡ್ಡೆಯ ಮೇಲೆ ಹರಡಿ ಮಾಯವಾಗುವವರೆಗೆ ಬಿಡಬೇಡಿ. ಅದು ಕೆನ್ನೆಗೆ ಜಾರಿದರೆ ಮತ್ತೊಂದು ಹಾಕಿ. ಡ್ರಾಪರಿನ ಗಾತ್ರವನ್ನೂ ಮೊದಲೇ ಅಳೆಯಿರಿ. 100 ಡೋಸಿನ ಸೀಸೆಯನ್ನು 5 ಮಿ.ಲೀ. ದ್ರಾವಣದಲ್ಲಿ ಕದಡಿದರೆ ಒಂದು ಮಿ.ಲೀ.ಗೆ 20 ಹನಿ ಬೀಳಬೇಕು. ನಿಮ್ಮ ಡ್ರಾಪರ್ ಬರೀ 14 ಹನಿ ಕೊಟ್ಟರೆ 70 ಕೋಳಿಗೇ ಸೀಸೆ ಖಾಲಿ. ಆರ್-2-ಬಿಗೆ ಅದೇ 100 ಡೋಸನ್ನು 50 ಮಿ.ಲೀ. ದ್ರಾವಣದಲ್ಲಿ ಕದಡಿ, ತಲಾ ಅರ್ಧ ಮಿ.ಲೀ. ಚರ್ಮದಡಿಗೆ ಕೊಡುತ್ತಾರೆ. ಯಾವುದಕ್ಕೂ ಲೇಬಲ್ಲಿನಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಪಾಲಿಸಿ. ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಅದೂ ಲಸಿಕೆಯನ್ನು ಕೊಲ್ಲುತ್ತದೆ. ಕುದಿಸಿ ಆರಿಸಿ ಬಳಸಿ. ಕದಡಿದ ಲಸಿಕೆಯ ಆಯಸ್ಸು ಐಸಿನ ಮೇಲಿಟ್ಟರೂ ಒಂದೆರಡು ಗಂಟೆ. ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ, ಕುದಿಸಿ ಚೆಲ್ಲಿ. ನಿಮ್ಮ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಮನುಷ್ಯರ ಕಣ್ಣು ಕೆಂಪಾಗಿ ನೀರು ಸುರಿಯಬಹುದು, ಸಾಮಾನ್ಯವಾಗಿ ವಾರದೊಳಗೆ ತಾನಾಗಿ ವಾಸಿಯಾಗುತ್ತದೆ.

ಮನೆಯಲ್ಲಿರುವುದು ಇಪ್ಪತ್ತೈದು ಕೋಳಿ, ಸೀಸೆಯಲ್ಲಿ 100 ಡೋಸು, ಕೆಲವದರಲ್ಲಿ ಇನ್ನೂ ಹೆಚ್ಚು. ಇಷ್ಟಕ್ಕೆ ಅಷ್ಟು ಏಕೆ ಎಂದು ಬಿಟ್ಟುಬಿಡುವವರೇ ಹೆಚ್ಚು, ಸಣ್ಣ ಸಾಕಣೆದಾರರು ಸೋಲುವುದು ಇಲ್ಲಿಯೇ. ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ಬೆಳಿಗ್ಗೆ ಒಂದೇ ಸೀಸೆ ಮುಗಿಸಿ. ಹಣ ಉಳಿಯುವುದು ಸಣ್ಣ ಲಾಭ. ಕೋಳಿಗಳು ಬೇಲಿ ದಾಟಿ ಒಟ್ಟಿಗೇ ಮೇಯುವ ಕಡೆ ಒಂದು ಮನೆಯದು ಮಾತ್ರ ರಕ್ಷಣೆ ಪಡೆದರೆ ವೈರಸ್ ಆ ಬೀದಿಯಲ್ಲಿ ಸುತ್ತುತ್ತಲೇ ಇರುತ್ತದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಈ ಲಸಿಕೆ ತಯಾರಿಸುತ್ತದೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟರೆ ತರಿಸಿಕೊಡಲು ಅವರಿಗೂ ಅನುಕೂಲ. ಜಾತ್ರೆ, ಯುಗಾದಿ, ಮಾರಿಹಬ್ಬದ ಕಾಲದಲ್ಲಿ ಕೋಳಿ ಊರಿಂದೂರಿಗೆ ಓಡಾಡುತ್ತದೆ, ಅದರ ಬೆನ್ನಿಗೆ ರೋಗವೂ. ಸಂಕ್ರಾಂತಿ ಮುಗಿಯುತ್ತಿದ್ದಂತೆ ಒಂದು ಸುತ್ತು ಹನಿ ಬಿದ್ದಿರಲಿ.

ಉಳಿದ 11ರ ವಿಷಯ. ಈಗ ಗೂಡಿನೊಳಗೆ ರೋಗ ಇರುವಾಗ ಇವಕ್ಕೆ ಜೀವಂತ ಲಸಿಕೆ ಹಾಕಬೇಡಿ. ಒಳಗೊಳಗೆ ರೋಗ ಬಲಿಯುತ್ತಿರುವ ಕೋಳಿಗೆ ಅದು ಮೇಲೊಂದು ಹೊರೆ. ಜೊತೆಗೆ ಒಂದೇ ಕೈ, ಒಂದೇ ಸೂಜಿ ಎಲ್ಲ ಕೋಳಿಗೂ ರೋಗ ದಾಟಿಸುತ್ತದೆ. ಲಸಿಕೆ ಈಗ ಬೇಕಿರುವುದು ಇನ್ನೂ ರೋಗ ಹೋಗದ ಪಕ್ಕದ ಮನೆಗಳ ಕೋಳಿಗೆ. ಹಾಕುವವರು ನಿಮ್ಮಂಗಳಕ್ಕೆ ಕಾಲಿಡದೆ ಅಲ್ಲಿಗೆ ಹೋಗಲಿ. ನಿಮ್ಮಲ್ಲಿ ಗಟ್ಟಿಮುಟ್ಟಾಗಿರುವ ಒಂಬತ್ತನ್ನು ಬೇರೆ ಜಾಗಕ್ಕೆ ಹಾಕಿ, ದಿನವೂ ಮೊದಲು ಅವಕ್ಕೆ ಮೇವು ನೀರು, ಆಮೇಲೆ ಕಾಯಿಲೆಯವಕ್ಕೆ. ಹಿಂದುಮುಂದಾದರೆ ಬೇರೆ ಮಾಡಿಯೂ ಫಲವಿಲ್ಲ. ಲೀಟರ್ ನೀರಿಗೆ ಎರಡು ಚಮಚ ಬೆಲ್ಲ, ಒಂದು ಚಿಟಿಕೆ ಉಪ್ಪು ಬೆರೆಸಿ ಎರಡು ಮೂರು ದಿನ ಕೊಡಬಹುದು. ಇದು ಶಕ್ತಿಗೆ ಮಾತ್ರ. ಒಂದನ್ನೂ ಮಾರಬೇಡಿ, ಯಾರಿಗೂ ಕೊಡಬೇಡಿ. ಗುಣವಾದಂತೆ ಕಾಣುವ ಕೋಳಿ ಒಂದೆರಡು ವಾರ ಹಿಕ್ಕೆಯಲ್ಲಿ ವೈರಸ್ ಚೆಲ್ಲುತ್ತಿರುತ್ತದೆ. ಈ ದಿನಗಳ ಮೊಟ್ಟೆಯನ್ನು ಕಾವಿಗೂ ಇಡಬೇಡಿ.

ರೋಗ ಬಿದ್ದಾಗ ಊರಲ್ಲಿ ನಡೆಯುವ ಇನ್ನೊಂದನ್ನು ಹೇಳದಿದ್ದರೆ ಈ ಉತ್ತರ ಅಪೂರ್ಣ. ತೂಕಡಿಸುವ ಕೋಳಿಯನ್ನು ಸಾಯುವ ಮುಂಚೆ ಕೊಯ್ದು ಸಾರು ಮಾಡುತ್ತಾರೆ. ಚೆನ್ನಾಗಿ ಬೆಂದ ಬಾಡಿನಲ್ಲಿ ಈ ವೈರಸ್ ಉಳಿಯದು ನಿಜ. ಆದರೆ ಪುಕ್ಕ, ಕರುಳು, ತೊಳೆದ ನೀರು ತಿಪ್ಪೆಗೆ ಬೀಳುತ್ತವೆ, ನಾಯಿ ಕಾಗೆಗಳು ನಾಲ್ಕು ಬೀದಿಗೆ ಎಳೆದಾಡುತ್ತವೆ, ಬೇರೆ ಮನೆಯ ಕೋಳಿ ಅದನ್ನೇ ಕೆದಕುತ್ತದೆ. ಹಕ್ಕಿಜ್ವರವಲ್ಲ ಎಂದು ಖಾತ್ರಿಯಾಗದೆ ಕೊಯ್ಯುವುದು ಕೊಯ್ಯುವವರ ಪ್ರಾಣಕ್ಕೂ ಅಪಾಯ. ಕೊಯ್ಯಬೇಡಿ. ಸತ್ತವನ್ನು ಬಾವಿ, ಕಾಲುವೆಯಿಂದ ದೂರ, ನಾಯಿ ಕೆದಕಲಾಗದಂತೆ ನಾಲ್ಕಡಿಗೂ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿ.

ಗೂಡು ತೊಳೆಯುವಾಗ ಅನೇಕರು ನೇರವಾಗಿ ಬ್ಲೀಚಿಂಗ್ ಪುಡಿ ಎರಚುತ್ತಾರೆ. ಹಿಕ್ಕೆಯ ಮೇಲೆ ಬಿದ್ದ ಬ್ಲೀಚಿಂಗ್ ಹಿಕ್ಕೆಯಲ್ಲೇ ಖರ್ಚಾಗಿಹೋಗುತ್ತದೆ, ಅಡಿಯ ವೈರಸ್ ಹಾಗೇ ಇರುತ್ತದೆ. ಮೊದಲು ನೀರು ಚಿಮುಕಿಸಿ ಧೂಳೇಳದಂತೆ ಕೆರೆದು ತೆಗೆಯಿರಿ, ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ. ಆಮೇಲೆ ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕದಡಿ, ತಿಳಿ ತೆಗೆದು ಬಳಿದು ಅರ್ಧ ಗಂಟೆ ಬಿಡಿ. ಪೊಟ್ಟಣ ಒಡೆದು ತಿಂಗಳುಗಟ್ಟಲೆ ಆದ ಪುಡಿಯಲ್ಲಿ ಕ್ಲೋರಿನ್ ಇರುವುದಿಲ್ಲ, ಮೂಗಿಗೆ ಘಾಟು ಬಾರದಿದ್ದರೆ ಎಸೆಯಿರಿ. ಕೆರೆದ ಹಿಕ್ಕೆಯನ್ನು ತೋಟಕ್ಕೆ ಚೆಲ್ಲದೆ ಹೂಳಿ. ಸಂತೆಗೆ ಒಯ್ದ ಬಿದಿರು ಮಂಕ್ರಿಯ ಹೆಣಿಗೆಯ ಸಂದಿನಲ್ಲಿ ಒಣಗಿ ಕೂತ ಹಿಕ್ಕೆಯನ್ನು ಯಾವ ಬ್ರಷ್ಷೂ ಮುಟ್ಟದು. ಮಂಕ್ರಿಯನ್ನು ಸುಟ್ಟುಬಿಡಿ.

ಕೊನೆಯ ಕೋಳಿ ಸತ್ತ ಅಥವಾ ಗುಣವಾದ ದಿನದಿಂದ ಕನಿಷ್ಠ ಆರು ವಾರ ಹೊಸದನ್ನು ತರಬೇಡಿ. ತಂದಾಗಲೂ ಲಸಿಕೆಯಾದ ಮರಿಗಳನ್ನೇ ತನ್ನಿ, ಹಳೆಯವುಗಳಿಂದ ಇಪ್ಪತ್ತು ಮಾರು ದೂರದಲ್ಲಿ ಮೂರು ವಾರ ಇಟ್ಟು ನೋಡಿ. ಈ ರೋಗ ಮೈಯೊಳಗೆ ಹೊಕ್ಕು ಹೊರಗೆ ಕಾಣಲು 2ರಿಂದ 15 ದಿನ ಬೇಕು, ಸಾಮಾನ್ಯವಾಗಿ ಐದಾರು. ನಿಮ್ಮ ಸಂತೆ ಹೇಂಟೆ ತೂಕಡಿಸಿದ್ದೂ ಐದಾರು ದಿನಕ್ಕೇ. ಮೂರು ವಾರ ಬೇರೆ ಇಟ್ಟಿದ್ದರೆ ಬಹುಶಃ ಆ ಎರಡರಲ್ಲೇ ಮುಗಿಯುತ್ತಿತ್ತು.

ಕತ್ತು ತಿರುಚಿದ ಎರಡು ಕೋಳಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ವೈರಸ್ ನರಕ್ಕೆ ಹೊಕ್ಕ ಗುರುತು ಅದು. ಕೆಲವು ವಾರಗಟ್ಟಲೆ ಬದುಕುತ್ತವೆ, ಕತ್ತು ಪೂರ್ತಿ ನೆಟ್ಟಗಾಗುವುದು ಅಪರೂಪ. ಕಾಳಿಗೆ ಗುರಿಯಿಟ್ಟು ಕುಕ್ಕಿದರೆ ಕೊಕ್ಕು ಪಕ್ಕದ ನೆಲಕ್ಕೆ ಬೀಳುತ್ತದೆ, ತುಂಬಿದ ಬಟ್ಟಲ ಮುಂದೆಯೇ ಹಸಿದು ಸೊರಗುತ್ತದೆ. ರಾಗಿ ಅಂಬಲಿಯನ್ನು ಆಳವಾದ ಬಟ್ಟಲಲ್ಲಿ ಎದೆಮಟ್ಟಕ್ಕೆ ಹಿಡಿದು ನೋಡಿ. ಐದಾರು ದಿನದಲ್ಲಿ ತಾನಾಗಿ ತಿನ್ನಲು ಕಲಿತರೆ ಇರಲಿ, ಉಳಿದವುಗಳಿಂದ ದೂರವಿರಲಿ. ಕಲಿಯದಿದ್ದರೆ ವೈದ್ಯರನ್ನು ಕರೆಸಿ ನೋವಿಲ್ಲದಂತೆ ಮುಗಿಸಿಬಿಡಿ, ಹಸಿವಿನಲ್ಲಿ ಬಿಡಬೇಡಿ.

— ಸಂಪಾದಕರು